ಎರಡನೇ ಆಕ್ಸಿಜನ್ ಸೆನ್ಸರೂ ಸತ್ತಾಗ

೧೯೮೬ರಲ್ಲಿ ನಾನು ಹೊಸೂರಿನ ಒಂದು ಲಾರಿ ಕಾರ್ಖಾನೆಯ ಸರ್ವಿಸ್ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದೆ. ಕೆಲಸವೆಲ್ಲ ಡೀಸೆಲ್ ಇಂಜಿನ್‌ಗಳದು. ಪೆಟ್ರೋಲ್ ಕಾರು ಎಂದರೆ ನನಗೆ ತಾತ್ಸಾರ. ಅದು ಇಂಜಿನ್ನಲ್ಲ, ಹೊಲಿಗೆ ಮಿಷಿನ್ನು ಎಂದು ಜೊತೆಯವರನ್ನು ರೇಗಿಸುತ್ತಿದ್ದೆ. ಮೂವತ್ತು ವರ್ಷದ ನೌಕರಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಮಾತ್ರ ಅಂಥದೊಂದು ಹೊಲಿಗೆ ಮಿಷಿನ್ನೇ.

ಆ ಕಾರು ಉದ್ದನಪಲ್ಲಿಯ ಮುನಿಕೃಷ್ಣನದು. ಅವನು ಹೊಸೂರಿನ ಇನ್ನೊಂದು ಕಾರ್ಖಾನೆಯಲ್ಲಿ ಡ್ರೈವರ್. ಅಲ್ಲಿ ಯಂತ್ರ ಕೂರಿಸಲು ಯುರೋಪಿನಿಂದ ಬಂದಿದ್ದ ಇಂಜಿನಿಯರೊಬ್ಬರು ತಮ್ಮ ಕಾರನ್ನೂ ತಂದಿದ್ದರು. ಹೋಗುವಾಗ ಬಿಟ್ಟುಹೋದರು. ಕಾರ್ಖಾನೆಯವರು ಹರಾಜು ಹಾಕಿದಾಗ, ಅದನ್ನು ಕೆಲವು ತಿಂಗಳು ಓಡಿಸಿದ್ದ ಮುನಿಕೃಷ್ಣನೇ ಕೊಂಡ. ಅವನ ಹೆಂಡತಿ ರತ್ನಮ್ಮ ನಮ್ಮೂರ ಹೆಣ್ಣುಮಗಳು. ಆ ಲೆಕ್ಕದಲ್ಲಿ ನಾನು ಅವಳಿಗೆ ಅಣ್ಣ, ಅವನಿಗೆ ಭಾವ.

ಒಂದು ಬೆಳಿಗ್ಗೆ ಹೊಸೂರಿನ ಆಲಸನತ್ತಂನ ನಮ್ಮ ಮನೆ ಮುಂದೆ ಆ ಕಾರು ಕರೀ ಹೊಗೆ ಉಗುಳುತ್ತ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ರತ್ನಮ್ಮ ಮಲಗಿದ್ದಳು. ಅವಳಿಗೆ ಗರ್ಭಕೋಶದ ಕ್ಯಾನ್ಸರ್ ಆಗಿ ಆಪರೇಷನ್ ಮುಗಿದಿತ್ತು. ಇನ್ನು ಐದು ವಾರ, ಶನಿವಾರ ಭಾನುವಾರ ಬಿಟ್ಟು ದಿನವೂ ಬೆಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಬೇಕಿತ್ತು. ರೇಡಿಯೇಷನ್ನಿಗೆ ನಮ್ಮ ಕಡೆಯ ಮಾತು ಅದು. ಕೂತರೆ ರಕ್ತಸ್ರಾವ, ಹಾಗಾಗಿ ಬಸ್ಸು ಆಗದು. ಬಾಡಿಗೆ ಕಾರಿನವರು ಒಂದೆರಡು ಸಲ ಬಂದು, ಸೀಟು ಕೆಡುತ್ತದೆಂದು ಮತ್ತೆ ಬರಲಿಲ್ಲ. ಆಸ್ಪತ್ರೆಯಲ್ಲಿ ಉಳಿಯಲು ಹಾಸಿಗೆ ಇರಲಿಲ್ಲ. ನಡುವೆ ದಿನ ತಪ್ಪಿಸಿದರೆ ಕೊಟ್ಟ ಚಿಕಿತ್ಸೆ ನೀರಲ್ಲಿ ಹೋಮ ಮಾಡಿದ ಹಾಗೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವಳ ಜೀವ ಆ ಕಾರಿಗೆ ಜೋತುಬಿದ್ದಿತ್ತು. ಆ ಕಾರೋ ಸಿಗ್ನಲ್ಲಿಗೊಮ್ಮೆ ನಿಂತುಹೋಗುತ್ತಿತ್ತು.

ಅಷ್ಟರಲ್ಲಾಗಲೇ ಮೂವರು ಮೆಕ್ಯಾನಿಕ್ಕುಗಳು ಕೈಯಾಡಿಸಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬ ಕಾಯಿಲ್ ಅಂದ, ಇನ್ನೊಬ್ಬ ಪಂಪ್ ಅಂದ, ಮತ್ತೊಬ್ಬ ಇಂಜಿನ್ನೇ ಬಿಚ್ಚಬೇಕು ಅಂದ. ಎಲ್ಲರಿಗೂ ಗೊತ್ತಿತ್ತು, ಒಬ್ಬನೂ ಅಳತೆ ಮಾಡಿರಲಿಲ್ಲ. ನನಗೆ ಗೊತ್ತಿರಲಿಲ್ಲ. ಅದಕ್ಕೇ ಕಾರಿನ ಕೈಪಿಡಿ ತೆಗೆದುಕೊಂಡು ಕೂತೆ.

ಆ ಕಾರಿಗೆ ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಇರಲಿಲ್ಲ. ಎಷ್ಟು ಪೆಟ್ರೋಲು ಬಿಡಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತಿತ್ತು. ಅದಕ್ಕೆ ಸುದ್ದಿ ಮುಟ್ಟಿಸುವುದು ಆಕ್ಸಿಜನ್ ಸೆನ್ಸರ್. ನೋಡಲು ಸ್ಪಾರ್ಕ್ ಪ್ಲಗ್ಗಿನಂತೆಯೇ ಇದ್ದು, ಹೊಗೆ ಹೋಗುವ ಪೈಪಿನಲ್ಲಿ ಕೂತು, ಸುಟ್ಟ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ಹೇಳುತ್ತದೆ. ಪೆಟ್ರೋಲು ಹೆಚ್ಚಾದರೆ ಸುಮಾರು ೦.೯ ವೋಲ್ಟ್, ಕಡಿಮೆಯಾದರೆ ೦.೧. ಇಂಜಿನ್ ಬಿಸಿಯಾದ ಮೇಲೆ ಇವೆರಡರ ನಡುವೆ ಅದು ಒಂದೇ ಸಮ ಓಲಾಡುತ್ತಿರಬೇಕು.

ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದಿಂದ ಡಿಜಿಟಲ್ ಮೀಟರ್ ತಂದು ಸೆನ್ಸರಿನ ವೈರಿಗೆ ಹಿಡಿದೆ. ೦.೧ರಲ್ಲೇ ಕೂತಿತ್ತು. ಹಿಂದೆ ಕರೀ ಹೊಗೆ ಬರುತ್ತಿದ್ದರೂ ಸೆನ್ಸರ್ ಮಾತ್ರ ‘ಪೆಟ್ರೋಲು ಸಾಲದು’ ಎಂದೇ ಹೇಳುತ್ತಿತ್ತು. ಅದನ್ನು ನಂಬಿ ಕಂಪ್ಯೂಟರ್ ಇನ್ನಷ್ಟು ಸುರಿಯುತ್ತಿತ್ತು. ಪ್ಲಗ್ಗುಗಳಿಗೆ ಮಸಿ ಹಿಡಿದು ಇಂಜಿನ್ ಉಸಿರುಗಟ್ಟುತ್ತಿತ್ತು. ಸೆನ್ಸರ್ ಸತ್ತಿದೆ, ಹೊಸದು ಬೇಕು ಎಂದೆ.

ಹೊಸದು ಎಲ್ಲಿಂದ ತರುವುದು? ಬೆಂಗಳೂರಿನ ಅಂಗಡಿಗಳಲ್ಲಿ ಅದರ ಹೆಸರೇ ಕೇಳಿದವರಿರಲಿಲ್ಲ. ಕೊನೆಗೆ ಮುನಿಕೃಷ್ಣನ ಕಾರ್ಖಾನೆಗೆ ಬರಲಿದ್ದ ಇನ್ನೊಬ್ಬ ವಿದೇಶಿ ತಂತ್ರಜ್ಞರಿಗೆ ಫೋನ್ ಮಾಡಿಸಿ, ಬರುವಾಗ ತರುವಂತೆ ಕೇಳಿಕೊಂಡೆವು. ಅಲ್ಲಿಯವರೆಗೆ ಎರಡು ಜೊತೆ ಪ್ಲಗ್ ಇಟ್ಟುಕೊಂಡು ದಿನ ದೂಡಿದೆವು. ಅತ್ತಿಬೆಲೆ ಚೆಕ್‌ಪೋಸ್ಟ್ ದಾಟಿದ ಮೇಲೆ ಮುನಿಕೃಷ್ಣ ಗಾಡಿ ನಿಲ್ಲಿಸಿ, ಬಿಸಿ ಇಂಜಿನ್ನಿಗೆ ಕೈಹಾಕಿ ಪ್ಲಗ್ ಬದಲಾಯಿಸುತ್ತಿದ್ದ. ಅವನ ಬೆರಳುಗಳು ಬೊಬ್ಬೆ ಎದ್ದು ಒಡೆದಿದ್ದವು. ಹೀಗಿದ್ದೂ ಎರಡು ದಿನ ತಪ್ಪಿಹೋಯಿತು.

ಆ ತಂತ್ರಜ್ಞರು ಬಂದರು, ಸೆನ್ಸರ್ ಕೊಟ್ಟರು. ತಮ್ಮ ದೇಶದಲ್ಲಿ ಈಗ ಪೆಟ್ರೋಲಿನಿಂದ ಸೀಸ ತೆಗೆಯುತ್ತಿದ್ದಾರೆ ಎಂದು ಟೀ ಕುಡಿಯುತ್ತ ಏನೋ ಹೇಳಿದರು. ನಮಗೆ ಅದೆಲ್ಲ ಯಾರಿಗೆ ಬೇಕಿತ್ತು? ತುಕ್ಕು ಹಿಡಿದ ಹಳೇ ಸೆನ್ಸರನ್ನು ಪೈಪು ಕಾಯಿಸಿ ಕಿತ್ತು, ಹೊಸದನ್ನು ಕೂರಿಸಿದೆ. ಮೀಟರಿನ ಅಂಕಿಗಳು ಏರುತ್ತ ಇಳಿಯುತ್ತ ಆಡತೊಡಗಿದವು. ಮುನಿಕೃಷ್ಣ ನನ್ನ ಕೈಹಿಡಿದುಕೊಂಡು ಅತ್ತುಬಿಟ್ಟ.

ಎರಡು ವಾರವೂ ಆಗಿರಲಿಲ್ಲ. ಶಿಫ್ಟಿನಲ್ಲಿದ್ದಾಗ ಮುನಿಕೃಷ್ಣನ ಫೋನ್ ಬಂತು. ಚಂದಾಪುರದ ಹತ್ತಿರ ಕಾರು ನಿಂತಿದೆ, ಮತ್ತೆ ಅದೇ ಹೊಗೆ. ನಾನು ಯಾರದೋ ಮೊಪೆಡ್ ಹತ್ತಿ ಹೋಗುವಷ್ಟರಲ್ಲಿ ಆಸ್ಪತ್ರೆಯ ಸಮಯ ಮೀರಿತ್ತು. ರಸ್ತೆ ಬದಿಯ ಬಿಸಿಲಿನಲ್ಲಿ ರತ್ನಮ್ಮ ಕಣ್ಣುಮುಚ್ಚಿ ಮಲಗಿದ್ದಳು. ಮುನಿಕೃಷ್ಣ ತಲೆಮೇಲೆ ಕೈಹೊತ್ತು ಚಕ್ರದ ಪಕ್ಕ ಕೂತಿದ್ದ. ಅವನು ಏನಾದರೂ ಕೈಯಾಡಿಸಿ ಕೆಡಿಸಿರಬೇಕೆಂದು ನಾನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ಎತ್ತದೆಯೇ ಹೇಳಿದ.

“ಬೈಯ್ರಿ ಭಾವ. ಇನ್ನೊಂದು ತರ್ಸಾಣ ಅಂದ್ರೆ ಅದು ಬರೋಗಂಟ ಇವ್ಳು ಇರ್ತಾಳಾ ಯೋಳ್ರಿ.”

ಪ್ಲಗ್ ಬದಲಾಯಿಸಿ, ಕುಂಟಿಸುತ್ತ ಹೊಸೂರಿಗೆ ತಿರುಗಿಸಿದೆವು. ಹೆಚ್ಚು ಸುರಿದು ಸುರಿದು ಟ್ಯಾಂಕು ಬರಿದಾಗಿದ್ದರಿಂದ ಬಂಕಿಗೆ ಹೋದೆವು. ಆ ಕಾರಿಗೆ ಪೆಟ್ರೋಲು ಹಾಕುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಮುನಿಕೃಷ್ಣ ಡಿಕ್ಕಿಯಿಂದ ಒಂದು ತಗಡಿನ ಲಾಳಿಕೆ ತೆಗೆದು ಟ್ಯಾಂಕಿನ ಬಾಯಿಗಿಟ್ಟ. ಅದ್ಯಾಕೆ ಎಂದು ಕೇಳಿದೆ. ಬಾಯಿ ಕಿರಿದು, ಬಂಕಿನ ಮೂತಿ ಹಿಡಿಯದು, ಒಳಗೊಂದು ಮುಚ್ಚಳವೂ ಅಡ್ಡ ಬರುತ್ತಿತ್ತು, ಅದನ್ನು ಇಕ್ಕಳದಲ್ಲಿ ಬಗ್ಗಿಸಿ ಈ ಲಾಳಿಕೆ ಮಾಡಿಸಿದೆ ಎಂದ. ಅವನ ಜಾಣತನವನ್ನು ಬಂಕಿನವರೂ ತಮಿಳಿನಲ್ಲಿ ಹೊಗಳಿದರು. ನಮ್ಮ ಕಡೆ ಯಾವ ವಸ್ತುವಾದರೂ ಹಿಡಿಯದಿದ್ದರೆ ಯಾಕೆ ಹಿಡಿಯುತ್ತಿಲ್ಲ ಎಂದು ಕೇಳುವುದಿಲ್ಲ. ಹಿಡಿಯುವ ಹಾಗೆ ಮಾಡಿಬಿಡುತ್ತೇವೆ.

ಆ ತಂತ್ರಜ್ಞರ ಮಾತು ಆಗ ತಲೆಗೆ ಹತ್ತಿತು. ಅವರ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ತಪ್ಪಿಯೂ ಒಳಹೋಗಬಾರದೆಂದೇ ಬಾಯಿ ಕಿರಿದು ಮಾಡಿದ್ದರು. ನಮ್ಮ ದೇಶದಲ್ಲಿ ಆಗ ಸೀಸವಿಲ್ಲದ ಪೆಟ್ರೋಲು ಒಂದು ಹನಿಯೂ ಸಿಗುತ್ತಿರಲಿಲ್ಲ. ಮನೆಗೆ ಬಂದು ಸೆನ್ಸರ್ ಬಿಚ್ಚಿ ನೋಡಿದೆ. ಅದರ ತುದಿಗೆ ಸೀಸದ ಬೂದು ಬಣ್ಣದ ಹೊಳಪು ಪೊರೆ ಕಟ್ಟಿ, ಮೂಸಲಾಗದಂತೆ ಮುಚ್ಚಿತ್ತು. ಸದ್ಯಕ್ಕೆ ಅದನ್ನೇ ಮತ್ತೆ ಕೂರಿಸಿದೆ. ಇನ್ನು ನೂರು ಸೆನ್ಸರ್ ತಂದರೂ ನೂರೂ ಹೀಗೇ ಸಾಯುತ್ತಿದ್ದವು.

ಉಳಿದದ್ದು ಒಂದೇ ದಾರಿ. ಸೆನ್ಸರಿನ ವೈರು ಕಳಚಿದರೆ ಕಂಪ್ಯೂಟರ್ ಯಾರ ಮಾತನ್ನೂ ಕೇಳದೆ ಒಂದು ಮಧ್ಯಮ ಅಳತೆಗೆ ನಿಲ್ಲುತ್ತದೆ ಎಂದು ಸರ್ಕ್ಯೂಟ್ ನೋಡಿ ಅಂದಾಜು ಮಾಡಿದ್ದೆ. ಆಮೇಲೆ ಪೆಟ್ರೋಲಿನ ಅಳತೆಯನ್ನು ಕಿವಿ ಕಣ್ಣು ನಂಬಿ ಕೈಯಿಂದ ಕೂರಿಸಬೇಕು. ಆದರೆ ಸೆನ್ಸರ್ ಇಲ್ಲದೆ ಓಡಿಸಬೇಡಿ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಪ್ಪಿದರೆ ಇಂಜಿನ್ನೇ ಹೋದೀತು, ಆಗ ಕುಂಟುವ ಕಾರೂ ಇರದು. ಮರುದಿನ ಬೆಳಿಗ್ಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಹಿಂದೆಮುಂದೆ ನೋಡುತ್ತ ನಿಂತಿದ್ದೆ. ಹಿಂದಿನ ಸೀಟಿನಿಂದ ರತ್ನಮ್ಮ ಕೇಳಿದಳು.

“ಅಣ್ಣಾ, ಅದಿಲ್ದಿದ್ರೆ ಬಂಡಿ ಓಡಾಕಿಲ್ವಾ?”

“ಓಡ್ಬೋದು ಕಣಮ್ಮ. ಗ್ಯಾರಂಟಿ ಕೊಡಾಕಾಗಲ್ಲ.”

“ಹಂಗಾರೆ ಕಿತ್ತಾಕು. ನಂಗೂ ಏನೇನೋ ಕಿತ್ತಾಕವ್ರೆ. ನಾನು ಓಡ್ತಾ ಇಲ್ವಾ?”

ಕಿತ್ತುಹಾಕಿದೆ. ತೆರೆದ ತೂತಿಗೆ ಬಿರಡೆ ಜಡಿದು, ವೈರಿನ ತುದಿಗೆ ಟೇಪು ಸುತ್ತಿದೆ. ಟೂಲ್‌ರೂಮಿನಲ್ಲಿ ಉಜ್ಜಿಸಿ ತಂದಿದ್ದ ಉದ್ದನೆಯ ಆರು ಮೂಲೆಯ ಅಲೆನ್ ಕೀ ಹಾಕಿ, ಪೆಟ್ರೋಲಿನ ಅಳತೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟೆ. ಹೊಗೆ ತೆಳುವಾಗುತ್ತ ಬಂದು ನಿಂತಿತು. ರಜೆ ಹಾಕಿ ನಾನೂ ಜೊತೆಗೇ ಹೊರಟೆ. ಅತ್ತಿಬೆಲೆ ದಾಟಿತು, ಚಂದಾಪುರ ದಾಟಿತು. ಆಸ್ಪತ್ರೆಯ ಗೇಟಿನೊಳಗೆ ಹೋದಾಗಲೂ ಇಂಜಿನ್ ಓಡುತ್ತಲೇ ಇತ್ತು. ಉಳಿದ ದಿನಗಳಲ್ಲಿ ಒಂದನ್ನೂ ಆ ಕಾರು ತಪ್ಪಿಸಲಿಲ್ಲ.

ಚಿಕಿತ್ಸೆ ಮುಗಿಯಿತು. ರತ್ನಮ್ಮ ಎದ್ದು ಓಡಾಡಿದಳು, ರಾಗಿ ಕೊಯ್ಲಿಗೂ ಹೋದಳು. ಮಾರನೇ ವರ್ಷ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡು ತೀರಿಕೊಂಡಳು.

ಒಂದು ಭಾಗ ಕೆಟ್ಟರೆ ಹೊಸದು ಹಾಕುವುದು ಅರ್ಧ ಕೆಲಸ, ಅದು ಯಾಕೆ ಸತ್ತಿತು ಎಂದು ಹುಡುಕುವುದು ಇನ್ನರ್ಧ ಎಂದು ಆಮೇಲೆ ನನ್ನ ಕೈಕೆಳಗೆ ಕಲಿತವರಿಗೆಲ್ಲ ಹೇಳಿಕೊಟ್ಟೆ. ಅಳೆಯದೆ ಗೊತ್ತು ಅನ್ನಬೇಡಿ ಎಂದೂ ಹೇಳುತ್ತಿದ್ದೆ. ಈ ಕೊನೆಯ ಮಾತನ್ನು ಪಾಲಿಸುವುದು ಎಷ್ಟು ಕಷ್ಟ ಎಂದು ತಿಳಿದದ್ದು ರತ್ನಮ್ಮನ ತಿಥಿಯ ದಿನ. ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದಾಗ ಮುನಿಕೃಷ್ಣ ನನ್ನ ಪಕ್ಕ ಬಂದು ಕೂತ.

“ಭಾವ, ಆ ಮೂರು ದಿನ ತಪ್ಪದಿದ್ರೆ ಉಳ್ಕೊಂತಿದ್ಲಾ?”

ಇಲ್ಲ ಎಂದುಬಿಡಬಹುದಿತ್ತು. ಅವನಿಗೂ ಸಮಾಧಾನ, ನನಗೂ ಸಮಾಧಾನ. ಬಾಯಿಗೆ ಬಂದ ಮಾತನ್ನು ನುಂಗಿ, ಗೊತ್ತಿಲ್ಲ ಕಣಪ್ಪ ಎಂದೆ.

ಅವನು ಅಂಗಳದ ಕಡೆ ನೋಡುತ್ತ ಹೇಳಿದ:

“ಬಂದೋರೆಲ್ಲ ಹಣೆಬರಾ ಅಂತ ಯೋಳಿ ಹೋಗ್ಬುಟ್ರು ಭಾವ. ಗೊತ್ತಿಲ್ಲ ಅಂದೋರು ನೀವೊಬ್ರೇ. ಇನ್ನೊಸಿ ಹೊತ್ತು ಇಲ್ಲೇ ಕುಂತ್ಕಳಿ.”