ತಕ್ಕಡಿ ಏರಿದ ಅಂಡಿಗೆ

ಶಾಲೆಯಲ್ಲಿ ಗೆಳತಿಯರು ನನ್ನನ್ನು ‘ಅಂಡಿಗಿ’ ಎಂದು ಕರೆಯುತ್ತಿದ್ದರು. ನಮ್ಮ ಬ್ಯಾಡಗಿಯಲ್ಲಿ ಅಂಡಿಗೆಯೆಂದರೆ ಮೆಣಸಿನಕಾಯಿ ಒತ್ತಿ ತುಂಬಿದ ದೊಡ್ಡ ಚೀಲ. ನಾನು ಹಾಗೇ ಇದ್ದೆ, ಸುಳ್ಳೇಕೆ ಹೇಳಲಿ!

ಎರಡನೇ ಮಹಾಯುದ್ಧದ ಕಾಲ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದ ವರ್ಷ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಳೆಯ ಹರಕೆಯೊಂದನ್ನು ಹೊರತೆಗೆದಳು. ಕದರಮಂಡಲಗಿ ಹನುಮಪ್ಪನ ಗುಡಿಯಲ್ಲಿ ನನ್ನ ತೂಕದಷ್ಟು ಬೆಲ್ಲ ತೂಗಿ ಹಂಚಬೇಕು. ತೂಗಲು ಮೆಣಸಿನಕಾಯಿ ಪೇಟೆಯ ತಕ್ಕಡಿ, ನೋಡಲು ನಮ್ಮ ಕ್ಲಾಸಿನ ಹುಡುಗಿಯರೆಲ್ಲ! ಎಷ್ಟು ಪೆಂಟಿ, ಅಂದರೆ ಎಷ್ಟು ಅಚ್ಚು ಬೆಲ್ಲ ಏರಿತೆಂದು ಅವರು ಎಣಿಸದೆ ಬಿಡುತ್ತಾರೆಯೇ?

ಇನ್ನೂ ಒಂದು ತಿಂಗಳಿತ್ತು. ಅಂದಿನಿಂದಲೇ ಊಟ ಬಿಟ್ಟೆ. ತಾಟಿನ ರೊಟ್ಟಿಯನ್ನು ಉಡಿಯಲ್ಲಿ ಅಡಗಿಸಿ ಹಿತ್ತಲ ಎಮ್ಮೆಗೆ ಹಾಕುತ್ತಿದ್ದೆ. ಆ ಹಾಳಾದ ಎಮ್ಮೆ ನನ್ನನ್ನು ಕಂಡರೆ ಸಾಕು, ಒದರತೊಡಗಿತು. ಒಂದು ದಿನ ಅದರ ಕೂಗಿಗೇ ಆಯಿ ಬಂದು ನನ್ನ ಕೈ ಹಿಡಿದಳು.

“ನೀ ಉಣ್ಣೂದು ಬಿಟ್ಟು ಎಮ್ಮಿಗೆ ಯಾಕ ಹಾಕತಿ?”

“ಕಡಿಮಿ ತೂಗಬೇಕಾಗೇತಿ ಆಯಿ. ಎಲ್ಲಾರೂ ನಗತಾರ,” ಎಂದು ಬಿಕ್ಕಿದೆ.

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ತೋರಿಸಿದಳು.

“ಏಳ ತಿಂಗಳಿಗೆ ಹುಟ್ಟಿದಾಕಿ ನೀ. ಇದರಾಗ ಹಿಡಿಸಿದ್ದಿ. ಒಂದ ಪೆಂಟಿ ಬೆಲ್ಲದಷ್ಟೂ ಇದ್ದಿದ್ದಿಲ್ಲ. ಹತ್ತ್ಯಾಗ ಸುತ್ತಿಟ್ಟು, ಈ ಕೂಸು ಮೈತುಂಬಿದ್ರ ತೂಗಿ ಹಂಚತೇನಿ ಅಂತ ಬೇಡಿಕೊಂಡೆ. ಆ ಎಮ್ಮಿ ಮೈತುಂಬಲಿ ಅಂತ ಬೇಡಿಕೊಂಡೆನೇನವಾ?”

ಅಂದು ನಾಲ್ಕು ರೊಟ್ಟಿ ತಿಂದೆ, ಬೆಣ್ಣೆ ಹಚ್ಚಿ.

ಹರಕೆಯ ದಿನ ತಕ್ಕಡಿಯಲ್ಲಿ ಕೂತೆನೋ ಇಲ್ಲವೋ, ಅದಕ್ಕೆ ಮೆತ್ತಿದ್ದ ಮೆಣಸಿನಕಾಯಿಯ ಘಾಟಿಗೆ ಸೀನೋ ಸೀನು. ತಕ್ಕಡಿ ಜೋಲಿ ಹೊಡೆಯಿತು. ಗೆಳತಿಯರು ಕಿಸಕ್ಕೆಂದರು. ತಂದ ಬೆಲ್ಲವೆಲ್ಲ ಏರಿದರೂ ನನ್ನ ತಟ್ಟೆ ಮೇಲೇಳಲಿಲ್ಲ.

“ಇಷ್ಟ ಸಾಕು, ಇಳಿಯವಾ,” ಎಂದರು ತೂಗುತ್ತಿದ್ದ ನಮ್ಮ ಕಾಕಾ.

ನಾಚಿಕೆಯಿಂದ ಮುಖ ಕಾದಿತ್ತು. ಇಳಿದುಬಿಡಬಹುದಿತ್ತು. ಆಯಿಯ ಮುಖ ನೋಡಿದೆ, ದೊಡ್ಡ ದನಿ ತೆಗೆದೆ. “ಇಳಿಯೂದಿಲ್ಲ ಕಾಕಾ. ಅಂಡಿಗಿ ಐತಿ ಇದು, ಬರೋಬ್ಬರಿ ತೂಗ್ರಿ!”

ಗುಡಿಗೆ ಗುಡಿಯೇ ನಕ್ಕಿತು. ಈ ಸಲ ನಾನೂ ನಕ್ಕೆ. ಯಾರೋ ಓಡಿಹೋಗಿ ಅಂಗಡಿಯಿಂದ ಇನ್ನೊಂದು ಪೆಂಟಿ ತಂದರು. ಆಯಿ ಅದನ್ನು ಇಸಿದುಕೊಂಡು ಬೊಗಸೆಯಲ್ಲಿ ಹಿಡಿದು ನನ್ನ ಗೆಳತಿಯರತ್ತ ತಿರುಗಿದಳು.

“ನೋಡ್ರೆವಾ, ಹುಟ್ಟಿದಾಗ ಇಷ್ಟಿದ್ದಿಲ್ಲ ಇಕಿ,” ಎಂದು ಅದನ್ನು ಮೆಲ್ಲಗೆ ಬೆಲ್ಲದ ತಟ್ಟೆಗಿಟ್ಟಳು. ನನ್ನ ತಟ್ಟೆ ಮೇಲೆದ್ದಿತು. ಆಯಿ ಬೆಲ್ಲದ ರಾಶಿಯತ್ತ ಕೈ ಬೀಸಿದಳು.

“ಅಷ್ಟಿದ್ದಾಕಿನ್ನ ಇಷ್ಟ ಮಾಡೇನಿ!”