ತೊಟ್ಟಿಲಮ್ಮನ ಅವಳಿ ಪದಗಳು

ಹೆರಿಗೆ ಆಸ್ಪತ್ರೆಯ ಎಳೆಗೂಸುಗಳ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಆಯಾ ಆಗಿದ್ದವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಡಾಕ್ಟರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ತೊಟ್ಟಿಲಮ್ಮ. ಅವಳಿ ಮಕ್ಕಳು ಹುಟ್ಟಿದರೆ ಹೆತ್ತವಳೇ ತಬ್ಬಿಬ್ಬಾಗುತ್ತಿದ್ದಳು. ತೊಟ್ಟಿಲಮ್ಮ ಮಾತ್ರ ಕೈಗೆ ಕಟ್ಟಿದ ಗುರುತಿನ ಪಟ್ಟಿ ನೋಡುವ ಮೊದಲೇ ಯಾರು ಯಾರೆಂದು ಹೇಳಿಬಿಡುತ್ತಿದ್ದಳು. ಗುಟ್ಟು ಕೇಳಿದರೆ, "ಮುಖ ನೋಡಿದ್ರೆ ಮೋಸ ಹೋಗ್ತೀರಿ. ಏನು ಮಾಡ್ತಾವೆ ನೋಡಿ. ಒಂದು ಎಚ್ಚರ ಆದ ತಕ್ಷಣ ಮುಷ್ಟಿ ಬಾಯಿಗಿಡುತ್ತೆ, ಇನ್ನೊಂದು ಕಾಲು ಝಾಡಿಸುತ್ತೆ," ಎನ್ನುತ್ತಿದ್ದಳು.

ಅಂಥವಳಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಇಂಗ್ಲಿಷ್ ಗಂಟುಬಿತ್ತು. ಪ್ರತಿ ತೊಟ್ಟಿಲಿಗೂ ಮಗು ಹೇಗಿದೆಯೆಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಕಟ್ಟುವುದೆಂದು ಆಸ್ಪತ್ರೆ ತೀರ್ಮಾನಿಸಿತ್ತು. ಅದನ್ನು ಓದಿ ತಿಳಿಯುವವರು ಮಾತ್ರ ಆ ಕೋಣೆಯಲ್ಲಿ. ಉಳಿದವರು ಬಟ್ಟೆ ಒಗೆಯುವ ಕೋಣೆಗೆ. ಮೂರು ತಿಂಗಳ ಗಡುವು, ಆಮೇಲೆ ಹೆಡ್ ಸಿಸ್ಟರ್ ಎದುರು ಪರೀಕ್ಷೆ. ನಿಯಮ ತಪ್ಪೆಂದು ತೊಟ್ಟಿಲಮ್ಮನಿಗೂ ಅನಿಸಲಿಲ್ಲ, ಅದೇ ಅವಳ ಸಂಕಟ. ಮಕ್ಕಳ ವಿಷಯದಲ್ಲಿ ಅಂದಾಜು ಕೂಡದೆಂದು ಹೊಸಬರಿಗೆಲ್ಲ ಪಾಠ ಹೇಳಿದವಳು ಅವಳೇ. ಆದರೆ ಆ ಕೋಣೆ ತಪ್ಪಿಹೋದರೆ ತಾನು ಯಾರೆಂದು ಅವಳಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಸೊಸೆಯೇ ಗುರು. ಶಾಲೆಯಲ್ಲಿ ಪಾಠ ಮಾಡುವ ಹುಡುಗಿ. ಬಾಯಿ ಜೋರು, ಮನಸ್ಸು ಬೆಣ್ಣೆ. ಅಕ್ಷರಗಳೇನೋ ಒಂದೇ ತಿಂಗಳಲ್ಲಿ ಒಲಿದವು. ಎಡವಟ್ಟಾದದ್ದು ನೋಡಲು ಒಂದೇ ಥರ ಇರುವ ಪದಗಳಲ್ಲಿ. ಕ್ವೈಟ್ ಎಂದರೆ ತುಂಬಾನೇ, ಕ್ವಾಯಟ್ ಎಂದರೆ ಸುಮ್ಮನಿರುವುದು. ಬ್ರೆತ್ ಎಂದರೆ ಉಸಿರು, ಬ್ರೀದ್ ಎಂದರೆ ಉಸಿರಾಡು. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಅದಲುಬದಲು.

"ಅತ್ತೆ, ಇದನ್ನ ನಿನ್ನೆ ತಾನೇ ಹೇಳಿಕೊಟ್ಟೆನಲ್ಲ!"

"ನಿನ್ನೆ ಹೇಳಿಕೊಟ್ಟಿದ್ದು ನಿನ್ನೆ ಗೊತ್ತಿತ್ತಮ್ಮ," ಎಂದಳು ಅತ್ತೆ, ಚೂರೂ ನಾಚದೆ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವಳಿಗೆ ಪುಸ್ತಕದ ಮುಂದೆಯೇ ಜೊಂಪು ಹತ್ತಿತು. ಕಿಟಕಿಯ ಬಿಸಿಲು ರೆಪ್ಪೆಯ ಮೇಲೆ ಬೆಚ್ಚಗೆ ಕೂತಿತ್ತು. ಕನಸಿನಲ್ಲಿ ಅದೇ ಕೋಣೆ, ಅದೇ ಸಾಬೂನಿನ ವಾಸನೆ, ಆದರೆ ತೊಟ್ಟಿಲ ಸಾಲಿಗೆ ಕೊನೆಯೇ ಇಲ್ಲ. ತೊಟ್ಟಿಲುಗಳಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಪದಗಳು ಮಲಗಿದ್ದವು, ಎರಡೆರಡಾಗಿ. ಅವಳು ಬರಿಗಾಲಲ್ಲಿ ನಡೆದಳು. ನೆಲ ಕಾಲಿಗೆ ತಗಲುತ್ತಲೇ ಇರಲಿಲ್ಲ. ಬಗ್ಗಿ ನೋಡಿದರೆ ಒಂದರಂತೆ ಇನ್ನೊಂದು. ಗಾಬರಿಯಾಗಲಿಲ್ಲ ಅವಳಿಗೆ. ಒಂದು ತೊಟ್ಟಿಲನ್ನು ಮೆಲ್ಲಗೆ ತೂಗಿ ಕಾದಳು. ಒಂದು ಪದ ಹೊರಳಿ, ತುಟಿ ಮುಚ್ಚಿ ಸುಮ್ಮನಾಯಿತು. ಪಕ್ಕದ್ದು ತಾನಾಗಿ ಏನೂ ಮಾಡದೆ ಅಕ್ಕನ ಬೆನ್ನಿಗೆ ಅಂಟಿಕೊಂಡಿತು, ಆಗ ಅಕ್ಕನ ಮೌನ ಇನ್ನಷ್ಟು ಆಳವಾಯಿತು.

ಕಣ್ಣು ಬಿಟ್ಟವಳೇ ಸೊಸೆಯನ್ನು ಕೂಗಿದಳು. "ಬಿಡಿಬಿಡಿ ಪದ ಬೇಡ ಕಣೇ. ಮಲಗಿರೋ ಅವಳಿಗಳನ್ನ ಯಾರು ಗುರುತು ಹಿಡೀತಾರೆ? ಎಬ್ಬಿಸಿ ಕೆಲಸಕ್ಕೆ ಹಚ್ಚು, ಆಮೇಲೆ ಹೇಳ್ತೀನಿ."

ಅಂದಿನಿಂದ ಸೊಸೆ ಪದಗಳ ಬದಲು ಪೂರ್ತಿ ವಾಕ್ಯ ಬರೆದುಕೊಟ್ಟಳು. ತೊಟ್ಟಿಲಮ್ಮ ಪದದ ಮುಖ ನೋಡುವುದನ್ನು ಬಿಟ್ಟು, ಅದು ಅಲ್ಲಿ ಏನು ಮಾಡುತ್ತಿದೆ ಎಂದು ನೋಡತೊಡಗಿದಳು. ತಪ್ಪು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಪರೀಕ್ಷೆಯ ದಿನ ಹೆಡ್ ಸಿಸ್ಟರ್ ಮೇಜಿನ ಮೇಲಿಟ್ಟದ್ದು ಬರೀ ಪದಗಳ ಪಟ್ಟಿ. ತೊಟ್ಟಿಲಮ್ಮ ಬಗ್ಗಿ ನೋಡಿದಳು. ಎಲ್ಲವೂ ಕಣ್ಣು ಮುಚ್ಚಿ ಮಲಗಿದ್ದವು.

"ಸಿಸ್ಟರ್, ವಾಕ್ಯದಲ್ಲಿ ಹಾಕಿಕೊಡ್ತೀರಾ? ಚೀಟೀಲೂ ವಾಕ್ಯಾನೇ ಇರುತ್ತಲ್ವಾ?"

ಹೆಡ್ ಸಿಸ್ಟರ್ ಹುಬ್ಬು ಗಂಟಿಕ್ಕಿದರು. ಕೊನೆಗೆ ಪಟ್ಟಿಯ ಹಿಂಬದಿಯಲ್ಲಿ ಒಂದು ಸಾಲು ಬರೆದು ಮುಂದೆ ತಳ್ಳಿದರು. ನಾಲ್ಕನೆಯ ತೊಟ್ಟಿಲ ಮಗು ತುಂಬಾನೇ ಸುಮ್ಮನಿದೆ ಎಂದು ಇಂಗ್ಲಿಷಿನಲ್ಲಿ. ಕ್ವೈಟ್, ಕ್ವಾಯಟ್ ಎರಡೂ ಅಕ್ಕಪಕ್ಕ.

ತೊಟ್ಟಿಲಮ್ಮ ತುಟಿ ಅಲ್ಲಾಡಿಸುತ್ತ ಓದಿದಳು. ಓದುತ್ತಿದ್ದಂತೆ ಮುಖ ಬಿಳಿಚಿಕೊಂಡಿತು. ಕುರ್ಚಿ ಹಿಂದಕ್ಕೆ ಉರುಳಿತು.

"ಇಷ್ಟೊಂದು ಸುಮ್ಮನಿದೆಯಾ? ಯಾವಾಗಿಂದ?" ಎನ್ನುವಷ್ಟರಲ್ಲಿ ಬಾಗಿಲು ದಾಟಿಯಾಗಿತ್ತು.

"ತೊಟ್ಟಿಲಮ್ಮ, ನಿಲ್ಲಿ! ಅದು ಬರೀ ಪರೀಕ್ಷೆಗೆ ಬರೆದಿದ್ದು!"

ಕೇಳಿಸಿಕೊಳ್ಳುವವರು ಯಾರು? ಹೆಡ್ ಸಿಸ್ಟರ್ ಏದುಸಿರು ಬಿಡುತ್ತ ಬಂದು ತಲುಪಿದಾಗ ಅವಳು ನಾಲ್ಕನೆಯ ತೊಟ್ಟಿಲ ಮೇಲೆ ಬಾಗಿ, ಮಗುವಿನ ಮೂಗಿಗೆ ಕೆನ್ನೆ ಒಡ್ಡಿ ನಿಂತಿದ್ದಳು. ಮಗು ಹಾಯಾಗಿ ನಿದ್ದೆ ಮಾಡುತ್ತಿತ್ತು. ಆಗ ಅವಳಿಗೆ ಪರೀಕ್ಷೆಯ ನೆನಪಾಯಿತು. ಮಗುವಿನ ಎದೆಯ ಮೇಲಿನ ಕೈ ತೆಗೆಯದೆ, ತಿರುಗಿಯೂ ನೋಡದೆ ಕೇಳಿದಳು:

"ಪಟ್ಟೀಲಿ ಮಿಕ್ಕಿದ್ದು ಓದ್ಲೇ ಇಲ್ಲ ನಾನು. ಬಟ್ಟೆ ಕೋಣೆಗೆ ಹೋಗ್ಬೇಕಾ ಸಿಸ್ಟರ್?"

ಹೆಡ್ ಸಿಸ್ಟರ್ ಕೈಯಲ್ಲಿದ್ದ ಪರೀಕ್ಷೆಯ ಕಾಗದವನ್ನು ಗೋಡೆಗೊತ್ತಿ ಹಿಡಿದು ಸಹಿ ಹಾಕಿದರು.

"ಎಲ್ಲಿಗೂ ಹೋಗ್ಬೇಡಿ," ಎಂದರು.

ತೊಟ್ಟಿಲಮ್ಮನ ಕಣ್ಣು ತುಂಬಿತು. ಕೈ ಕೆಳಗೆ ಮಗುವಿಗೆ ಎಚ್ಚರವಾಗಿ, ಅದು ಕಾಲು ಝಾಡಿಸಿತು.