ಕಿರ್ಯಾಕನ ವ್ಯಾನಿನ ಹಿಂಚಕ್ರ

ಕಿರ್ಯಾಕನನ್ನು ಮಣ್ಣು ಮಾಡಿ ಮೂರು ವಾರವಾಗಿತ್ತು. ಅವನ ಹೆಂಡತಿ ಕೆರಾನಾ ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಸ್ತಮಾತನ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು.

"ಆ ಹಳೇ ವ್ಯಾನ್ ಮಾರ್ತಿದೀನಿ. ಹಿಂದಿನ ಚಕ್ರ ಒಂದು ಜಪ್ಪಯ್ಯ ಅಂದ್ರೂ ತಿರುಗ್ತಿಲ್ಲ. ಕೊಳ್ಳೋಕೆ ಬುರ್ಗಾಸ್ ಪಟ್ಟಣದಿಂದ ಬಂದವ್ರು ಅದನ್ನ ಕತ್ತರಿಸಿಬಿಡ್ತೀವಿ ಅಂದ್ರು. ನೀನೊಂದ್ಸಲ ನೋಡು."

"ಬರ್ತೀನಿ ಅತ್ತಿಗೆ," ಎಂದ ಸ್ತಮಾತ್. ಹೋಗದಿರಲು ನೆಪ ಹುಡುಕಿದ, ಸಿಗಲಿಲ್ಲ.

ಅರವತ್ತೆಂಟು ದಾಟಿದ ಸ್ತಮಾತ್ ಉಪ್ಪಿನಾಗರದ ಲಾರಿಗಳ ಅಡಿಯಲ್ಲೇ ಆಯುಷ್ಯ ಸವೆಸಿದವನು. ಕಪ್ಪು ಸಮುದ್ರದ ಗಾಳಿಗೂ ಉಪ್ಪಿನ ರಾಶಿಗಳಿಗೂ ನಡುವೆ ಸಿಕ್ಕಿದ ಆ ಊರಲ್ಲಿ ಕಬ್ಬಿಣ ಮರದಂತೆ ಕೊಳೆಯುತ್ತದೆ. ಚಕ್ರದ ನಡುವಿನ ತುಕ್ಕು ಕಚ್ಚಿದ ಹಬ್ ಅನ್ನು ಆಕ್ಸಲ್ ಕೆಡದಂತೆ ಬಿಡಿಸಬಲ್ಲವರು ಇಬ್ಬರೇ ಇದ್ದರು, ಅವನು ಮತ್ತು ಕಿರ್ಯಾಕ್. ಮೂವತ್ತೊಂದು ವರ್ಷದ ಹಿಂದೆ ಅಂಥದ್ದೇ ಕೆಲಸದಲ್ಲಿ ಹಬ್ ಸಿಡಿದು ಕಿರ್ಯಾಕನ ಬಲಗಣ್ಣು ಹೋಯಿತು, ದವಡೆ ಸೊಟ್ಟಗಾಯಿತು. ತಪ್ಪು ತನ್ನದೇ ಎಂದು ವಿಚಾರಣೆಯಲ್ಲಿ ಅವನು ಬರೆದುಕೊಟ್ಟ. ಆಮೇಲೆ ಅವನಿಗೆ ಉಪ್ಪಿನ ರಾಶಿ ಕಾಯುವ ಕೆಲಸ. ಸ್ತಮಾತನಿಗೆ ಮುಖ್ಯ ಮೆಕ್ಯಾನಿಕ್ಕಿನ ಜಾಗ. ಭಾನುವಾರಗಳಲ್ಲಿ ಇಬ್ಬರೂ ದ್ರಾಕ್ಷಿ ಚಪ್ಪರದಡಿ ಪಗಡೆಯಾಡಿದರು. ಆ ದಿನದ ಮಾತನ್ನು ಒಬ್ಬರೂ ಎತ್ತಲಿಲ್ಲ.

ಕೆರಾನಾಳ ಅಂಗಳದಲ್ಲಿ ವ್ಯಾನು ಒಣಹುಲ್ಲಿನ ನಡುವೆ ಹೂತು ಕೂತಿತ್ತು. ಸ್ತಮಾತ್ ಚಕ್ರ ಬಿಚ್ಚಿದ, ಹಬ್ಬಿನ ನಡುವಿನ ದೊಡ್ಡ ನಟ್ಟಿಗೆ ಸೀಮೆಎಣ್ಣೆ ಕುಡಿಸಿದ, ಉದ್ದನೆಯ ಪೈಪು ಸಿಕ್ಕಿಸಿ ಅದನ್ನು ಮೂರು ಸುತ್ತು ಸಡಿಲಿಸಿದ, ಅಲ್ಲಿಗೇ ನಿಲ್ಲಿಸಿದ. ಹಬ್ ಅನ್ನು ಹೊರಗೆಳೆಯುವ ಮೂರು ಕಾಲಿನ ಪುಲ್ಲರ್ ಕೂರಿಸಿ, ಇನ್ನು ತಿರುಗದು ಎನ್ನುವವರೆಗೆ ಬಿಗಿದು ಮನೆಗೆ ಹೋದ. ಮರುದಿನ ಬಂದು ಕಾಲು ಸುತ್ತು ಬಿಗಿದ. ಅದರ ಮರುದಿನವೂ ಅಷ್ಟೇ.

ನಾಲ್ಕನೆಯ ದಿನ ಮಧ್ಯಾಹ್ನ ಗ್ಯಾಸಿನ ಉರಿ ಹಿಡಿದು ಹಬ್ಬಿನ ಸುತ್ತ ಕಾಯಿಸಿದ. ಕೆರಾನಾ ಕಾಫಿ ತಂದಿಟ್ಟು ಮೆಟ್ಟಿಲ ಮೇಲೆ ಕೂತಳು. ಅವನು ಪುಲ್ಲರಿನ ತಲೆಗೆ ಸುತ್ತಿಗೆಯಿಂದ ಒಂದು ಕೊಟ್ಟ, ಇನ್ನೊಂದು ಕೊಟ್ಟ. ಮೂರನೆಯ ಏಟಿಗೆ ಬಂದೂಕು ಹಾರಿದಂಥ ಸದ್ದಾಗಿ ಹಬ್ ಮುಂದಕ್ಕೆ ನೆಗೆದು, ನಟ್ಟಿಗೆ ಬಡಿದು ನಿಂತಿತು. ಕೋಳಿಗಳು ಬೇಲಿ ಹಾರಿ ಓಡಿದವು.

ಕೆರಾನಾ ಎದ್ದು ಬಂದಳು. ನಟ್ಟನ್ನೇ ನೋಡುತ್ತ ಕೇಳಿದಳು.

"ಇದನ್ನ ಯಾಕೆ ಪೂರ್ತಿ ತೆಗೀಲಿಲ್ಲ?"

"ತೆಗೆದ್ರೆ ಹಬ್ ಹಾರಿ ಮುಖಕ್ಕೇ ಬಡಿಯುತ್ತೆ ಅತ್ತಿಗೆ."

"ಎಲ್ಲಾ ಮೆಕ್ಯಾನಿಕ್ಕಿಗೂ ಗೊತ್ತಿರುತ್ತಾ ಇದು?"

"ಹೂಂ. ಮೊದಲನೇ ವಾರದಲ್ಲೇ ಕಲಿಸ್ತಾರೆ."

"ಮತ್ತೆ ಅವತ್ತು ನಮ್ಮನೆಯವನು ಯಾಕೆ ತೆಗೆದ?"

ಸ್ತಮಾತ್ ಉರಿ ಆರಿಸಿದ. ಸುಳ್ಳು ಬಾಯ ತುದಿಯಲ್ಲೇ ಇತ್ತು, ಹೇಳಬಹುದಿತ್ತು.

"ಅವನು ತೆಗೀಲಿಲ್ಲ. ನಾನು ತೆಗೆದಿದ್ದೆ. ಅವತ್ತು ಅವಸರ ಇತ್ತು. ನಟ್ಟು ಬಿಚ್ಚಿಟ್ಟು ಸಿಗರೇಟಿಗೆ ಅಂತ ಆಚೆ ಹೋದೆ, ಅವನಿಗೆ ಹೇಳ್ಲಿಲ್ಲ. ನಟ್ಟು ಇಲ್ಲದ್ದು ಪುಲ್ಲರ್ ಮರೆಯಲ್ಲಿ ಕಾಣ್ತಿರ್ಲಿಲ್ಲ. ಅವನು ಬಂದು ಸುತ್ತಿಗೆ ಎತ್ಕೊಂಡ."

"ತೆಗೆದಿದ್ದು ನೀನು ಅಂತ ಅವನಿಗೆ ಗೊತ್ತಿತ್ತಾ?"

"ಗೊತ್ತಿಲ್ಲ ಅತ್ತಿಗೆ. ನಾನು ಕೇಳ್ಲೇ ಇಲ್ಲ. ತಪ್ಪು ತನ್ನದೇ ಅಂತ ಅವನು ಬರೆದುಕೊಟ್ಟಾಗ ಸುಮ್ಮನಿದ್ದುಬಿಟ್ಟೆ."

ಕೆರಾನಾ ತಿರುಗಿ ಹೋಗಿ ಮೆಟ್ಟಿಲ ಮೇಲೆ ಕೂತಳು. ಅವಳು ಬೈಯಲಿ, ಕಾಫಿಯ ಲೋಟ ಎತ್ತಿ ಮುಖಕ್ಕೆ ಎಸೆಯಲಿ ಎಂದು ಸ್ತಮಾತ್ ಕಾದ.

"ಮೂವತ್ತೊಂದು ವರ್ಷ ಅವನನ್ನ ಬೈದಿದೀನಿ," ಎಂದಳು ಕೊನೆಗೆ, ಮೆಲ್ಲಗೆ. "ಮಕ್ಕಳಿಗೂ ತಿಳಿಯೋ ಕೆಲಸ ನಿಂಗೆ ತಿಳೀಲಿಲ್ವಲ್ಲ, ದಡ್ಡ ಶಿಖಾಮಣಿ ಅಂತ. ಊಟಕ್ಕೆ ಕೂತಾಗ ಅಂದಿದೀನಿ. ಆಸ್ಪತ್ರೆಯಲ್ಲೂ ಅಂದೆ, ಸಾಯೋ ಹಿಂದಿನ ದಿನ. ಅವನು ನಗ್ತಿದ್ದ, ಆ ಸೊಟ್ಟ ಬಾಯಲ್ಲಿ."

"ಅತ್ತಿಗೆ—"

"ಕೆಲಸ ಮುಗಿಸ್ಕೊಂಡು ಹೋಗು."

ಸ್ತಮಾತ್ ಬ್ರೇಕು ಬಿಡಿಸಿದ, ಆಕ್ಸಲ್ಲಿನ ತುಕ್ಕು ಕೆರೆದು ಗ್ರೀಸು ಹಚ್ಚಿದ, ಹಬ್ ಅನ್ನೂ ಚಕ್ರವನ್ನೂ ತಿರುಗಿ ಕೂರಿಸಿದ. ಚಕ್ರ ಬೆರಳಲ್ಲಿ ತಳ್ಳಿದರೂ ತಿರುಗುತ್ತಿತ್ತು. ಅದನ್ನು ತೋರಿಸೋಣವೆಂದು ತಲೆಯೆತ್ತಿದರೆ ಮೆಟ್ಟಿಲು ಖಾಲಿ, ಬಾಗಿಲು ಹಾಕಿತ್ತು.

ನಲವತ್ತನೆಯ ದಿನದ ತಿಥಿಗೆ ಅವನಿಗೆ ಕರೆ ಬರಲಿಲ್ಲ. ಆದರೂ ಹೋದ. ಸ್ಮಶಾನದಲ್ಲಿ ಸಮುದ್ರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಪಾದ್ರಿ ಗೋರಿಗೆ ದ್ರಾಕ್ಷಾರಸ ಚೆಲ್ಲಿ ಪ್ರಾರ್ಥನೆ ಮುಗಿಸಿದ ಮೇಲೆ ಕೆರಾನಾ ಸಕ್ಕರೆ ಬೆರೆಸಿದ ಬೆಂದ ಗೋಧಿಯ ಪಾತ್ರೆ ಹಿಡಿದು ಒಬ್ಬೊಬ್ಬರಿಗೂ ಹಂಚುತ್ತ ಬಂದಳು. ತೆಗೆದುಕೊಂಡವರೆಲ್ಲ ವಾಡಿಕೆಯಂತೆ "ದೇವರು ಅವನನ್ನ ಕ್ಷಮಿಸಲಿ" ಎಂದರು.

ಸ್ತಮಾತನ ಸರದಿ ಬಂತು. ಅವಳು ಅವನನ್ನು ದಾಟಿ ಹೋಗಲಿಲ್ಲ. ಉಳಿದವರಿಗೆ ಹಾಕಿದಷ್ಟೇ, ಒಂದು ಚಮಚ, ಅಂಗೈಗೆ ಹಾಕಿದಳು. ಅವನು ಆ ಮಾತು ಹೇಳಲಿ ಎಂದು ನಿಂತಳು. ಸ್ತಮಾತ್ ಬಾಯಿ ತೆರೆದ. "ದೇವರು..." ಎಂದ, "ಅವನನ್ನ" ಎನ್ನಲು ಆಗಲಿಲ್ಲ.

ಕೆರಾನಾ ಸ್ವಲ್ಪ ಹೊತ್ತು ಕಾದು, ಪಕ್ಕದವನ ಕಡೆಗೆ ಪಾತ್ರೆ ಚಾಚಿದಳು.